ಡಿಕ್ಕಿಯಲ್ಲಿ ಸೂಟ್‌ಕೇಸು, ಬಾನೆಟ್ಟಿನಡಿ 630 ಕುದುರೆ

ಎತ್ತರದ ಬಂಡೆಯಿಂದ ಕಲ್ಲೊಂದನ್ನು ಕೈಬಿಟ್ಟರೆ ಅದು ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು 2.8 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ 39 ಮೀಟರ್ ಕೆಳಗಿಳಿದಿರುತ್ತದೆ. ಭೂಮಿ ತನ್ನ ಬಲವನ್ನೆಲ್ಲ ಹಾಕಿ ಎಳೆದರೂ ಇದಕ್ಕಿಂತ ಬೇಗ ಆಗುವುದಿಲ್ಲ. ಜರ್ಮನಿಯ ಆಡಿ ಕಂಪನಿಯ ‘ಆರ್‌ಎಸ್ 6 ಅವಾಂಟ್ ಪರ್ಫಾರ್ಮೆನ್ಸ್’ ಎಂಬ ಕಾರು ಸಮತಟ್ಟು ರಸ್ತೆಯಲ್ಲಿ, ನಿಂತ ಜಾಗದಿಂದ ಅದೇ ವೇಗಕ್ಕೆ ಬರಲು ತೆಗೆದುಕೊಳ್ಳುವುದು 3.4 ಸೆಕೆಂಡ್. ಬಂಡೆಯಿಂದ ಬೀಳುವುದಕ್ಕೂ ಆ ಕಾರಿನಲ್ಲಿ ಆಕ್ಸಿಲರೇಟರ್ ತುಳಿಯುವುದಕ್ಕೂ ಇರುವ ಅಂತರ 0.6 ಸೆಕೆಂಡ್ ಮಾತ್ರ.

ರೇಸಿನ ಕಾರಾಗಿದ್ದರೆ ಇದನ್ನು ಹೇಳಲು ಲೇಖನವೇ ಬೇಕಿರಲಿಲ್ಲ. ಇದು ಸ್ಟೇಷನ್ ವ್ಯಾಗನ್. ಐವರು ಕೂರುವ, ಹಿಂಬದಿಗೆ ಡಿಕ್ಕಿಯನ್ನು ಉದ್ದಕ್ಕೆ ಚಾಚಿಕೊಂಡ, ಯುರೋಪಿನಲ್ಲಿ ಮಕ್ಕಳು, ನಾಯಿ, ಸೈಕಲ್ಲು, ವಾರದ ದಿನಸಿ ತುಂಬಿಕೊಂಡು ಓಡಾಡುವ ಸಂಸಾರಸ್ಥರ ಗಾಡಿ. ಹಿಂದಿನ ಸೀಟು ಮಡಚಿದರೆ 1,680 ಲೀಟರ್ ಜಾಗ ಸಿಗುತ್ತದೆ. ಬೀರು ಬಿಚ್ಚಿ ಸಾಗಿಸಬಹುದು. ಕಾರಿನ ಹುಚ್ಚು ಹಿಡಿದವರಲ್ಲಿ ಫೆರಾರಿ, ಲ್ಯಾಂಬೋರ್ಗಿನಿ ಎಂದು ಬಾಯಿ ಬಿಡುವವರು ಬಹಳ. ಆದರೆ ಆ ಹುಚ್ಚು ಸ್ವಲ್ಪ ಹಳೆಯದಾಗಿ ಮಾಗಿದ ಮೇಲೆ, ಎಷ್ಟೋ ಜನರ ಕಣ್ಣು ಬಂದು ನಿಲ್ಲುವುದು ಈ ಸಾಮಾನು ಗಾಡಿಗಳ ಮೇಲೆಯೇ. ನಾನೂ ಅವರಲ್ಲೊಬ್ಬ.

ಈ ಕಾರಿನ ಅಳತೆ ಕಣ್ಣಿಗೆ ಕಟ್ಟಬೇಕಾದರೆ ನಮ್ಮ ಮಾರುತಿ 800ನ್ನು ಪಕ್ಕದಲ್ಲಿ ನಿಲ್ಲಿಸಬೇಕು. 796 ಸಿಸಿ, ಮೂರು ಸಿಲಿಂಡರ್, 37 ಅಶ್ವಶಕ್ತಿ, 650 ಕಿಲೊ ಆಸುಪಾಸಿನ ತೂಕ. ಆರ್‌ಎಸ್ 6 ತೂಗುವುದು ಎರಡು ಟನ್ನಿಗೆ ಸ್ವಲ್ಪ ಮೇಲೆ, ಮೂರು ಮಾರುತಿಯಷ್ಟು. ಶಕ್ತಿ ಮಾತ್ರ 630, ಹದಿನೇಳು ಮಾರುತಿಯಷ್ಟು. ಇನ್ನೂ ತಮಾಷೆಯ ಲೆಕ್ಕ ಚಕ್ರದಲ್ಲಿದೆ. ಮಾರುತಿಯ 12 ಇಂಚಿನ ರಿಮ್ಮಿಗೆ ಟೈರ್ ಹಾಕಿ, ಗಾಳಿ ತುಂಬಿ ಅಳೆದರೆ ಇಡೀ ಚಕ್ರದ ವ್ಯಾಸ ಸುಮಾರು 51 ಸೆಂ.ಮೀ. ಆರ್‌ಎಸ್ 6ರ 22 ಇಂಚಿನ ರಿಮ್ ಒಂದೇ 56 ಸೆಂ.ಮೀ. ಇದೆ. ನಾವು ಮಂಗಳೂರಿಗೂ ತಿರುಪತಿಗೂ ಹೋಗಿಬಂದ ಕಾರಿನ ಚಕ್ರ, ಟೈರ್ ಸಮೇತ, ಈ ರಿಮ್ಮಿನ ಒಳಗೆ ಕೂರುತ್ತದೆ. ಮುಂದಿನ ಸೆರಾಮಿಕ್ ಬ್ರೇಕ್ ಡಿಸ್ಕ್ 44 ಸೆಂ.ಮೀ., ಮಾರುತಿಯ ರಿಮ್ಮಿಗಿಂತ 13 ಸೆಂ.ಮೀ. ದೊಡ್ಡದು!

ಅಷ್ಟು ದೊಡ್ಡ ಬ್ರೇಕ್ ಶೋಕಿಗಲ್ಲ. ಗಂಟೆಗೆ 100 ಕಿ.ಮೀ.ನಲ್ಲಿ ಓಡುವ ಕಾರಿನಲ್ಲಿ ಇರುವ ಚಲನಶಕ್ತಿಗೆ ಹೋಲಿಸಿದರೆ, ಈ ಕಾರು ಮುಟ್ಟಬಲ್ಲ 305 ಕಿ.ಮೀ. ವೇಗದಲ್ಲಿ ಅದು ಮೂರು ಪಟ್ಟಲ್ಲ, ಒಂಬತ್ತು ಪಟ್ಟಿಗೂ ಮೇಲೆ. ವೇಗದ ವರ್ಗಕ್ಕೆ ತಕ್ಕಂತೆ ಅದು ಏರುತ್ತದೆ. ಆ ವೇಗದಲ್ಲಿ ಒಂದು ಸೆಕೆಂಡಿಗೆ ಕಾರು 85 ಮೀಟರ್ ದಾಟುತ್ತದೆ. ನಿಲ್ಲಿಸಬೇಕೆಂದರೆ ಅಷ್ಟೂ ಶಕ್ತಿಯನ್ನು ನಾಲ್ಕು ಡಿಸ್ಕುಗಳು ಶಾಖವಾಗಿ ನುಂಗಬೇಕು. ಗಾಳಿಯ ಕಾಟ ಇನ್ನೂ ಕೆಟ್ಟದ್ದು. ಅದನ್ನು ಸೀಳಲು ಬೇಕಾದ ಅಶ್ವಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 250ರಿಂದ 305ಕ್ಕೆ ಹೋಗಲು, ಬರೀ 55 ಕಿ.ಮೀ. ಹೆಚ್ಚಿಸಲು, ಗಾಳಿಯ ಪಾಲಿನ ಶಕ್ತಿ 1.8 ಪಟ್ಟಾಗಬೇಕು. ವೇಗ ಹೆಚ್ಚಿದಷ್ಟೂ ಮುಂದಿನ ಒಂದೊಂದು ಕಿಲೋಮೀಟರು ದುಬಾರಿಯಾಗುತ್ತ ಹೋಗುತ್ತದೆ.

ಎಂಜಿನ್ನಿನ ಒಳಗೆ ಇಣುಕೋಣ. ನಾಲ್ಕು ಲೀಟರ್, ಎಂಟು ಸಿಲಿಂಡರ್, ಎರಡು ಟರ್ಬೊ. ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸೆಕೆಂಡಿಗೆ 400 ಸಲ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಒಂದು ಸಿಲಿಂಡರಿನ ಗಾತ್ರ ಅರ್ಧ ಲೀಟರ್. ಟರ್ಬೊ ಅದರೊಳಗೆ ಗಾಳಿಯನ್ನು ಒತ್ತಿ ತುರುಕುವುದರಿಂದ ಸುಮಾರು ಒಂದು ಲೀಟರಿನಷ್ಟು ಹಿಡಿಯುತ್ತದೆ. ನನ್ನ ಅಂದಾಜಿನಲ್ಲಿ ಸೆಕೆಂಡಿಗೆ 400 ಲೀಟರ್ ಗಾಳಿ. ಸುಮ್ಮನೆ ಕೂತ ಮನುಷ್ಯ ಒಂದು ಉಸಿರಿಗೆ ಎಳೆದುಕೊಳ್ಳುವುದು ಅರ್ಧ ಲೀಟರ್. 800 ಜನ ಒಂದು ಸಲ ಎಳೆಯುವ ಉಸಿರನ್ನು ಈ ಎಂಜಿನ್ ಪ್ರತಿ ಸೆಕೆಂಡೂ ಎಳೆಯುತ್ತದೆ. ಪೂರ್ತಿ ಶಕ್ತಿ ಸುರಿಯುವಾಗ ಪೆಟ್ರೋಲ್ ನಿಮಿಷಕ್ಕೆ ಮೂರು ಲೀಟರಿನ ಹತ್ತಿರ ಖರ್ಚಾಗಬೇಕು. 73 ಲೀಟರಿನ ಟ್ಯಾಂಕು ಅರ್ಧ ಗಂಟೆಯೊಳಗೆ ಬರಿದು. ಮೈಲೇಜ್ ಎಷ್ಟು ಕೊಡುತ್ತದೆ ಎಂದು ಕೇಳುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಇಂಥ ಗಾಡಿ ಮಾಡಬೇಕೆಂದು ಯಾರಿಗಾದರೂ ಹೊಳೆದದ್ದಾದರೂ ಹೇಗೆ? ಬಿಎಂಡಬ್ಲ್ಯುನಲ್ಲಿ ಮಾದರಿ ಕಾರುಗಳನ್ನು ಕಟ್ಟುತ್ತಿದ್ದ ಮ್ಯಾಕ್ಸ್ ರೈಸ್‌ಬೋಕ್ ಎಂಬಾತನ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. 1980ರ ದಶಕದ ನಡುವೆ ಅವನಿಗೆ ಸಂಸಾರಕ್ಕೆ ಸಾಲುವ ಡಿಕ್ಕಿ ಬೇಕಿತ್ತು. ಅವನ ಕಂಪನಿಯ 3 ಸೀರಿಸ್ ಕಾರಿನಲ್ಲಿ ಮಕ್ಕಳ ಸೈಕಲ್ಲಿಗೆ ಜಾಗವಿರಲಿಲ್ಲ. ಅಪಘಾತದಲ್ಲಿ ಜಖಂಗೊಂಡ ಒಂದು ಕಾರು ಕೊಂಡು, ಗೆಳೆಯನ ಗ್ಯಾರೇಜಿನಲ್ಲಿ ಹಿಂಭಾಗ ಕೊಯ್ದು, ಬೆಸುಗೆ ಹಾಕಿ, ತಿಂಗಳುಗಟ್ಟಲೆ ಕೂತು ವ್ಯಾಗನ್ ಮಾಡಿಕೊಂಡ. ಮೇಲಿನವರಿಗೆ ತೋರಿಸಿದಾಗ ಅವರಿಗೆ ಎಷ್ಟು ಹಿಡಿಸಿತೆಂದರೆ ಕಾರನ್ನು ಕಂಪನಿಯಲ್ಲೇ ಉಳಿಸಿಕೊಂಡರು. 1987ರಲ್ಲಿ ಅದೇ ‘3 ಸೀರಿಸ್ ಟೂರಿಂಗ್’ ಆಗಿ ಜಗತ್ತಿಗೆ ಬಂತು.

ಆಮೇಲೆ ಆಡಿ ಒಂದು ಹೆಜ್ಜೆ ಮುಂದಿಟ್ಟಿತು. ತನ್ನ 80 ಅವಾಂಟ್ ಎಂಬ ಸಭ್ಯ ವ್ಯಾಗನ್ನನ್ನು ಪೋರ್ಷೆಯವರ ಕೈಗೆ ಕೊಟ್ಟಿತು. ಸ್ಟುಟ್‌ಗಾರ್ಟಿನ ತ್ಸುಫೆನ್‌ಹೌಸೆನ್ ಕಾರ್ಖಾನೆಯಲ್ಲಿ ಅದಕ್ಕೆ ಪೋರ್ಷೆಯ ಬ್ರೇಕ್, ಪೋರ್ಷೆಯ ಚಕ್ರ, ಪೋರ್ಷೆಯ ಕನ್ನಡಿ ಬಂತು. ಐದು ಸಿಲಿಂಡರಿನ 2.2 ಲೀಟರ್ ಎಂಜಿನ್ನಿನಿಂದ 315 ಅಶ್ವಶಕ್ತಿ ಹಿಂಡಿದರು. ಗರಿಷ್ಠ ವೇಗ 262. ಅದೇ ಆರ್‌ಎಸ್ 2. ಬ್ರಿಟನ್ನಿನ ‘ಆಟೋಕಾರ್’ ಪತ್ರಿಕೆ ಪರೀಕ್ಷಿಸಿದಾಗ ನಿಂತಲ್ಲಿಂದ ಗಂಟೆಗೆ 30 ಮೈಲಿಗೆ ಅದು 1.5 ಸೆಕೆಂಡಿನಲ್ಲಿ ಬಂತು. ಆ ಕಾಲದ ಅತಿವೇಗದ ಕಾರಾಗಿದ್ದ ಮೆಕ್‌ಲಾರೆನ್ ಎಫ್1 ಕೂಡ ಆ ಮೊದಲ ಹೆಜ್ಜೆಯಲ್ಲಿ ಹಿಂದೆ ಬಿತ್ತು. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಕ್ವಾಟ್ರೊ ಏರ್ಪಾಡಿನ ಮಹಿಮೆ ಅದು. ಮುಂದೆ ಸಾಗಿದರೆ ಮೆಕ್‌ಲಾರೆನ್ ಕೈಗೆ ಸಿಗುತ್ತಿರಲಿಲ್ಲವೆನ್ನಿ.

ಆರ್‌ಎಸ್ 2 ಬಂದ 1994ರಲ್ಲೇ ವೋಲ್ವೊ ತನ್ನ 850 ಎಸ್ಟೇಟನ್ನು ಬ್ರಿಟಿಷ್ ಟೂರಿಂಗ್ ಕಾರ್ ರೇಸಿಗೇ ಇಳಿಸಿತು. ಎದುರಾಳಿಗಳು ನಕ್ಕರು, ಆಮೇಲೆ ಗೊಣಗಿದರು. ಗೊಣಗಿದವರನ್ನು ಕೆಣಕಲೆಂದು ವೋಲ್ವೊದವರು ಪರೇಡ್ ಸುತ್ತಿನಲ್ಲಿ ಡಿಕ್ಕಿಯೊಳಗೆ ದೊಡ್ಡ ಬೊಂಬೆ ನಾಯಿಯೊಂದನ್ನು ಕೂರಿಸಿಕೊಂಡು ಹೋದರು. ಗೆಲುವು ಒಂದೂ ಸಿಗಲಿಲ್ಲ. ಮರುವರ್ಷ ಸೆಡಾನ್ ಇಳಿಸಿದ ಮೇಲೆ ಗೆದ್ದರು. ಆದರೆ ಇವತ್ತಿಗೂ ಜನ ಮಾತಾಡುವುದು ಸೋತ ವ್ಯಾಗನ್ನಿನ ಬಗ್ಗೆ.

ಇಲ್ಲಿಯವರೆಗೆ ಹೇಳಿದ್ದು ದೊಡ್ಡ ಸಂಖ್ಯೆಗಳ ಮಾತು. ಈ ಗಾಡಿಗಳ ಭಕ್ತರು ಮಂತ್ರದಂತೆ ಜಪಿಸುವುದು ಮಾತ್ರ ಸಣ್ಣ ಸಂಖ್ಯೆಗಳನ್ನು. ಆರ್‌ಎಸ್ 2 ತಯಾರಾದದ್ದು 2,891. ಬಿಎಂಡಬ್ಲ್ಯು ತನ್ನ ಮೊದಲ ಎಂ5 ಟೂರಿಂಗ್ ಅನ್ನು 1992ರಿಂದ 1995ರವರೆಗೆ ಕಟ್ಟಿದ್ದು 891. ಎರಡನೆಯ ಎಂ5 ಟೂರಿಂಗ್, ಹತ್ತು ಸಿಲಿಂಡರಿನದು, 1,025. ಈ ಹತ್ತು ಸಿಲಿಂಡರಿನ ಬಗ್ಗೆ ನಿಂತು ಒಂದು ಮಾತು ಹೇಳಲೇಬೇಕು. 507 ಅಶ್ವಶಕ್ತಿ, ನಿಮಿಷಕ್ಕೆ 8,250 ಸುತ್ತು. ಆ ವೇಗದಲ್ಲಿ ಪ್ರತಿ ಪಿಸ್ಟನ್ನೂ ಸೆಕೆಂಡಿಗೆ 275 ಸಲ ಪೂರ್ತಿ ನಿಂತು ದಿಕ್ಕು ಬದಲಿಸುತ್ತದೆ. ಆ ನಡುವೆ ಸರಾಸರಿ ಸೆಕೆಂಡಿಗೆ 20 ಮೀಟರಿನ ಮೇಲೆ ಓಡಿರುತ್ತದೆ. ಒಟ್ಟು 687 ಸ್ಫೋಟ ಸೆಕೆಂಡಿಗೆ. ಮಕ್ಕಳನ್ನು ಶಾಲೆಗೆ ಬಿಡಲು ಇಂಥ ಎಂಜಿನ್ ಯಾಕೆ ಎಂದು ಯಾರೋ ಕೇಳಿರಲೇಬೇಕು. ಕೊಂಡವರು ಸಾವಿರ ಚಿಲ್ಲರೆ ಜನ, ಕೊಳ್ಳಲಾಗದೆ ನಿಟ್ಟುಸಿರಿಟ್ಟವರಿಗೆ ಲೆಕ್ಕವಿಲ್ಲ. ಬ್ರೂನೈ ರಾಜಮನೆತನಕ್ಕೆಂದು ಪಿನಿನ್‌ಫರೀನಾದವರು ಫೆರಾರಿ 456ನ್ನೇ ವ್ಯಾಗನ್ ಮಾಡಿಕೊಟ್ಟರು, ಅದಂತೂ ಬೆರಳೆಣಿಕೆಯಷ್ಟು.

ಇಷ್ಟು ವೇಗವಾಗಿ ಓಡಿಸುವುದೆಲ್ಲಿ? ಜರ್ಮನಿಯ ಆಟೋಬಾನ್ ಜಾಲ ಸುಮಾರು 13,000 ಕಿ.ಮೀ. ಇದೆ, ಅದರ ಹೆಚ್ಚಿನ ಭಾಗದಲ್ಲಿ ಕಾಯಂ ವೇಗಮಿತಿಯಿಲ್ಲ. ಅದು ಸಾಲದವರಿಗೆ ನೂರ್ಬುರ್ಗ್‌ರಿಂಗ್ ಇದೆ, ಕಾಡಿನ ನಡುವೆ 20.832 ಕಿ.ಮೀ. ಸುತ್ತು, ಏರುಪೇರು ಸುಮಾರು 300 ಮೀಟರ್. 2022ರಲ್ಲಿ ಬಿಎಂಡಬ್ಲ್ಯು ಎಂ3 ಟೂರಿಂಗ್ ಅದನ್ನು 7 ನಿಮಿಷ 35.060 ಸೆಕೆಂಡಿನಲ್ಲಿ ಮುಗಿಸಿತು. 2025ರಲ್ಲಿ ಅದರ ಅಣ್ಣನಂತಿರುವ ಸಿಎಸ್ ಮಾದರಿ 7 ನಿಮಿಷ 29.490 ಸೆಕೆಂಡಿಗೆ ತಂದಿತು. ಎಪ್ಪತ್ತಕ್ಕೂ ಹೆಚ್ಚು ತಿರುವುಗಳನ್ನು ಸುತ್ತಿಕೊಂಡು ಸರಾಸರಿ ಗಂಟೆಗೆ 166 ಕಿ.ಮೀ.ಗೂ ಮೇಲೆ.

ನಮ್ಮ ದೇಶಕ್ಕೆ ಇವು ಬರಲೇ ಇಲ್ಲವೆಂದಲ್ಲ. 2015ರಲ್ಲಿ ಆಡಿ ಆಗಿನ ಆರ್‌ಎಸ್ 6 ಅವಾಂಟನ್ನು ಭಾರತದಲ್ಲಿ 1.35 ಕೋಟಿ ರೂಪಾಯಿಗೆ ಬಿಡುಗಡೆ ಮಾಡಿತು. 560 ಅಶ್ವಶಕ್ತಿ, 100 ಮುಟ್ಟಲು 3.9 ಸೆಕೆಂಡ್. ನಮಗೆ ವ್ಯಾಗನ್ ಎಂದರೆ ಅದುವರೆಗೆ 1992ರ ಟಾಟಾ ಎಸ್ಟೇಟ್. ಅದರ ಡೀಸೆಲ್ ಎಂಜಿನ್ನಿನ ಅಶ್ವಶಕ್ತಿ 70 ಮುಟ್ಟುತ್ತಿರಲಿಲ್ಲ. ಆಂಬುಲೆನ್ಸಿನ ಹಾಗಿದೆ ಎಂದು ಜನ ಮೂಗು ಮುರಿದರು, ಆ ಮಾತು ನಮ್ಮಲ್ಲಿ ಉದ್ದ ಡಿಕ್ಕಿಯ ಕಾರುಗಳಿಗೆಲ್ಲ ಅಂಟಿಕೊಂಡಿತು. ಕೋಟಿ ಕೊಡುವವರು ಈಗ ಎತ್ತರದ ಎಸ್‌ಯುವಿ ಕೊಳ್ಳುತ್ತಾರೆ. ಆಡಿಯದೇ ಆರ್‌ಎಸ್ ಕ್ಯೂ8 ನೋಡಿ: ‘ಪರ್ಫಾರ್ಮೆನ್ಸ್’ ಅಲ್ಲದ, 600 ಅಶ್ವಶಕ್ತಿಯ ಆರ್‌ಎಸ್ 6ರಲ್ಲಿರುವ ಎಂಜಿನ್ನೇ ಅದರಲ್ಲೂ ಇದೆ, ಶಕ್ತಿಯೂ ಅಷ್ಟೇ. ಆದರೆ ಎರಡು ಕ್ವಿಂಟಾಲಿಗೂ ಹೆಚ್ಚು ಭಾರ, ಎತ್ತರದ ಮೈ. ವ್ಯಾಗನ್ 3.6 ಸೆಕೆಂಡಿನಲ್ಲಿ ಮಾಡುವುದಕ್ಕೆ ಅದಕ್ಕೆ 3.8 ಬೇಕು. ತಿರುವಿನಲ್ಲಿ ಭಾರ ನೆಲಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು ಎಂಬುದು ಎತ್ತಿನ ಗಾಡಿ ಹೂಡಿದವರಿಗೂ ಗೊತ್ತಿದ್ದ ವಿಷಯ.

ಹಾಗೆಂದು ವ್ಯಾಗನ್ನುಗಳೇನೂ ತೆಳ್ಳಗೆ ಉಳಿದಿಲ್ಲ. 2024ರಲ್ಲಿ ಬಂದ ಹೊಸ ಎಂ5 ಟೂರಿಂಗ್ ಎಂಟು ಸಿಲಿಂಡರಿಗೆ ವಿದ್ಯುತ್ ಮೋಟರನ್ನೂ ಜೋಡಿಸಿಕೊಂಡಿದೆ. 727 ಅಶ್ವಶಕ್ತಿ, 1,000 ನ್ಯೂಟನ್ ಮೀಟರ್ ಟಾರ್ಕ್, ಬ್ಯಾಟರಿ ಸೇರಿ 2,475 ಕಿಲೊ. 100ಕ್ಕೆ 3.6 ಸೆಕೆಂಡ್. ಕಂಪನಿಯ ಪುಸ್ತಿಕೆಯಲ್ಲಿ ಈ ಅಂಕಿಗಳು ಮಿಂಚುತ್ತವೆ. ಅದನ್ನು ಆರ್‌ಎಸ್ 2ರ ಪಕ್ಕ ಇಟ್ಟು ಕಳೆಯುವ ಲೆಕ್ಕ ಮಾಡಿ ನೋಡಿದೆ. ಮೂವತ್ತು ವರ್ಷದಲ್ಲಿ 412 ಅಶ್ವಶಕ್ತಿ ಹೆಚ್ಚಿತು, 880 ಕಿಲೊ ತೂಕ ಹೆಚ್ಚಿತು. ಇಡೀ ಒಂದು ಮಾರುತಿ 800, ಅದರೊಳಗೆ ಮೂವರು ಪ್ರಯಾಣಿಕರನ್ನು ಕೂರಿಸಿ ಹಳೆಯ ಕಾರಿನ ತಲೆಯ ಮೇಲೆ ಹೇರಿದಷ್ಟು. ಇಷ್ಟೆಲ್ಲ ಮಾಡಿ 100ರ ಓಟದಲ್ಲಿ ಉಳಿಸಿದ ಸಮಯ ಎರಡು ಸೆಕೆಂಡೂ ಇಲ್ಲ. ಎರಡರ ಬೀಗದ ಕೈಯನ್ನೂ ಮುಂದಿಟ್ಟು ಒಂದನ್ನು ಆರಿಸಿಕೋ ಎಂದರೆ ನಾನು ಎತ್ತಿಕೊಳ್ಳುವುದು 1,595 ಕಿಲೊದ ಆ ಹಳೆಯ ಆರ್‌ಎಸ್ 2ನ್ನೇ.