ಅಡ್ಮಿನ್ ಪುಟದ ಒಂದು ಟಿಕ್: ಸಡಿಲ ಮಾಡೋ ಮುಂಚೆ ಮೂರು ಪ್ರಶ್ನೆ

ಕೋಪರಖೈರಣೆಯಲ್ಲಿ ಮನೆ ಮಾಡಿಕೊಂಡು ಮಹಾಪೆಗೋ ಐರೋಲಿಗೋ ಕೆಲಸಕ್ಕೆ ಹೋಗೋ ನಮ್ಮವರಲ್ಲಿ ಸಪೋರ್ಟ್ ಟೀಮಿನವರಿಗೆ ಈ ಮಾತು ಹೊಸದೇನಲ್ಲ: "ಆ ಸೆಕ್ಯುರಿಟಿ ಸೆಟ್ಟಿಂಗ್ ಆಫ್ ಮಾಡಿಬಿಡಿ, ಮೊದಲು ಕೆಲಸ ನಡೀಲಿ." ಇವತ್ತು ಅದರ ಬಗ್ಗೆನೇ ಮಾತಾಡೋಣ.

ಇಂಥ ಸೆಟ್ಟಿಂಗ್ ಇರೋದೇ ತಪ್ಪು ಅಂತಲ್ಲ. ಉದಾಹರಣೆಗೆ ಕಾರ್ಸ್ ತಗೊಳ್ಳಿ. ಒಂದು ಸೈಟಿನ ಪುಟ ಇನ್ನೊಂದು ಸೈಟಿನ ಉತ್ತರವನ್ನು ಓದೋಕೆ ಬ್ರೌಸರ್ ಸುಮ್ಮನೆ ಬಿಡೋದಿಲ್ಲ. ಎಚ್‌ಆರ್ ಪೋರ್ಟಲ್‌ನಲ್ಲಿ ಸಂಬಳದ ವಿವರ ಕಾಣಬೇಕಾದರೆ, "ಈ ವಿಳಾಸಕ್ಕೆ ನನ್ನ ಒಪ್ಪಿಗೆ ಇದೆ" ಅಂತ ಪೇರೋಲ್ ಸರ್ವರ್ ಹೇಳಬೇಕು. ಆ ಒಂದೇ ವಿಳಾಸ ಹಾಕಿದರೆ ಸರಿ. ಯಾವ ವಿಳಾಸ ಕೇಳಿದರೂ, ಲಾಗಿನ್ ಕುಕ್ಕಿ ಸಮೇತ ಒಪ್ಪಿಕೋ ಅಂತ ಬಿಟ್ಟರೆ? ಪೇರೋಲ್‌ಗೆ ಲಾಗಿನ್ ಆಗಿರೋ ಉದ್ಯೋಗಿ ಪಕ್ಕದ ಟ್ಯಾಬಿನಲ್ಲಿ ಯಾವುದೋ ಕೆಟ್ಟ ಲಿಂಕ್ ತೆರೆದರೆ ಸಾಕು, ಕುಕ್ಕಿಯ ಬೇರೆ ನಿಯಮಗಳು ತಡೆಯದೇ ಹೋದರೆ ಆ ಪುಟ ಅವರ ಪೇಸ್ಲಿಪ್ ಓದಿಬಿಡುತ್ತೆ.

2021ರಲ್ಲಿ ಆಗಿದ್ದೇನು?

ಮೈಕ್ರೋಸಾಫ್ಟ್ ಪವರ್ ಆ್ಯಪ್ಸ್ ಪೋರ್ಟಲ್‌ಗಳಲ್ಲಿ ಡೇಟಾ ಫೀಡ್ ಆನ್ ಮಾಡಿದಾಗ ಟೇಬಲ್ ಪರ್ಮಿಷನ್ ಅನ್ನೋದನ್ನೂ ಪ್ರತ್ಯೇಕವಾಗಿ ಆನ್ ಮಾಡಬೇಕಿತ್ತು. ಎಷ್ಟೋ ಸಂಸ್ಥೆಗಳು ಮಾಡಿರಲಿಲ್ಲ. ಅಪ್‌ಗಾರ್ಡ್ ಸಂಸ್ಥೆ ಹುಡುಕಿದಾಗ ಸುಮಾರು 3.8 ಕೋಟಿ ದಾಖಲೆಗಳು ಲಾಗಿನ್ ಇಲ್ಲದೆ ಸಿಗುತ್ತಿದ್ದವು. ಕೋವಿಡ್ ಲಸಿಕೆಯ ಅಪಾಯಿಂಟ್‌ಮೆಂಟ್, ಉದ್ಯೋಗಿಗಳ ಐಡಿ, ಫೋನ್ ನಂಬರ್ ಎಲ್ಲ ಅದರಲ್ಲಿದ್ದವು. ಮೈಕ್ರೋಸಾಫ್ಟಿನದೇ ಕೆಲವು ಪೋರ್ಟಲ್‌ಗಳೂ ಆ ಪಟ್ಟಿಯಲ್ಲಿದ್ದವು! ಅಷ್ಟೂ ದಾಖಲೆ ಬಯಲಾಗೋಕೆ ಬೀಗ ಒಡೆಯೋ ಕೆಲಸವೇ ಬೇಕಿರಲಿಲ್ಲ. ಬಾಗಿಲು ತೆರೆದೇ ಇತ್ತು. ಆಮೇಲೆ ಕಂಪನಿ ಆ ಪರ್ಮಿಷನ್ ಮೊದಲಿನಿಂದಲೇ ಆನ್ ಇರೋ ಹಾಗೆ ಬದಲಿಸಿತು.

ಮೂರು ಪ್ರಶ್ನೆ

1. ಯಾರಿಗೆ? ಒಬ್ಬರ ಫೋನ್ ಬದಲಾಗಿ ಒಟಿಪಿ ಆ್ಯಪ್ ಕೆಲಸ ಮಾಡ್ತಿಲ್ಲ ಅಂದರೆ ಅವರೊಬ್ಬರದು ರೀಸೆಟ್ ಮಾಡಿ. ಇಡೀ ಕಂಪನಿಗೆ ಎಂಎಫ್‌ಎ ಆಫ್ ಮಾಡಬೇಡಿ.

2. ಎಷ್ಟಕ್ಕೆ? ವೆಂಡರ್‌ಗೆ ಐಪಿ ತೆರೆಯಬೇಕಾದರೆ ಅವರ ಐಪಿಯನ್ನಷ್ಟೇ ಹಾಕಿ. 0.0.0.0/0 ಅಂತ ಹಾಕಿದರೆ ಇಡೀ ಇಂಟರ್‌ನೆಟ್ಟನ್ನೇ ಒಳಗೆ ಕರೆದ ಹಾಗೆ.

3. ಎಲ್ಲಿವರೆಗೆ? ನಮ್ಮಲ್ಲಿ "ತಾತ್ಕಾಲಿಕ" ಅಂದಿದ್ದೇ ವರ್ಷಗಟ್ಟಲೆ ಉಳಿಯೋದು. ವಾಪಸ್ ಮುಚ್ಚೋ ತಾರೀಕನ್ನು ತೆರೆಯೋವಾಗಲೇ ಬರೆದಿಡಿ.

"ಮ್ಯಾನೇಜರ್ ಎದುರು ಇಲ್ಲ ಅನ್ನೋದು ಹೇಗೆ?" ಅಂತೀರಿ. ಇಲ್ಲ ಅನ್ನಬೇಕಾಗಿಲ್ಲ. "ಮಾಡ್ತೀನಿ ಸರ್, ಟಿಕೆಟ್‌ನಲ್ಲಿ ಒಂದು ಅಪ್ರೂವಲ್ ಹಾಕಿ, ಶುಕ್ರವಾರ ಸಂಜೆ ವಾಪಸ್ ಆನ್ ಮಾಡ್ತೀನಿ" ಅನ್ನಿ, ಸಾಕು.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದರೆ, 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸರಿಯಾದ ಭದ್ರತೆ ಇಡದ ಸಂಸ್ಥೆಗೆ ₹250 ಕೋಟಿವರೆಗೆ ದಂಡ ಇದೆ. ಸರ್ಟ್-ಇನ್ 2022ರ ನಿರ್ದೇಶನದಂತೆ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟಿರಬೇಕು. ದಂಡ ಕಟ್ಟೋದು ಕಂಪನಿ, ನಿಜ. ಆದರೆ ಆಡಿಟ್ ಲಾಗ್‌ನಲ್ಲಿ ಕಾಣೋದು ಟಿಕ್ ತೆಗೆದವರ ಲಾಗಿನ್ ಐಡಿ. ಫೋನಿನಲ್ಲಿ "ಆಫ್ ಮಾಡಿ" ಅಂದವರ ಹೆಸರು ಅಲ್ಲಿ ಬರೋದಿಲ್ಲ. ಕಾಂಟ್ರ್ಯಾಕ್ಟ್ ಮೇಲೆ ಇರೋರಂತೂ ಇದನ್ನು ಮರೆಯಲೇಬಾರದು.

ಈ ವಾರ ನಿಮ್ಮ ಆ್ಯಪ್‌ನ ಸೆಕ್ಯುರಿಟಿ ಪುಟ ತೆರೆದು, ಆಫ್ ಆಗಿರೋ ಒಂದೊಂದಕ್ಕೂ ಟಿಕೆಟ್ ಇದೆಯಾ ನೋಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.