ಮರ ಕೆತ್ತುವ ಸಿಎನ್‌ಸಿ ಯಂತ್ರ: ಸಾಲಕ್ಕೆ ಮೊದಲು ಲೆಕ್ಕ

ಐರಣಿ (ರಾಣೆಬೆನ್ನೂರು ತಾಲ್ಲೂಕು): ತುಂಗಭದ್ರೆಯ ದಂಡೆಯಲ್ಲಿರುವ, ಕೋಟೆ ಹಾಗೂ ಹೊಳೆಮಠದಿಂದ ಹೆಸರಾದ ಐರಣಿಯಂತಹ ಊರುಗಳಲ್ಲಿ ತಲೆಬಾಗಿಲ ಕೆತ್ತನೆ ಬಡಿಗರ ಉಳಿಗೆ ಸೇರಿದ ಕೆಲಸವಾಗಿತ್ತು. ‘ಕಂಪ್ಯೂಟರ್ ಕೆತ್ತನೆ’ಯ ಬಾಗಿಲು ಬೇಕೆನ್ನುವ ಗಿರಾಕಿ ಪಟ್ಟಣದ ದಾರಿ ಹಿಡಿದರೆ ಊರಿನ ಬಡಿಗನಿಗೆ ಉಳಿಯುವುದು ಬಾಗಿಲು ಕೂರಿಸುವ ಕೂಲಿ ಮಾತ್ರ. ಹಾಗೆಂದು ಸಾಲ ಮಾಡಿ ಯಂತ್ರ ತಂದವರೆಲ್ಲರೂ ಗೆಲ್ಲುತ್ತಾರೆಂದೇನೂ ಇಲ್ಲ. ಯಂತ್ರ ಕೊಳ್ಳುವುದು ಈ ಕಸುಬಿನ ಕೊನೆಯ ಮೆಟ್ಟಿಲೇ ಹೊರತು ಮೊದಲನೆಯದಲ್ಲ.

ಯಂತ್ರ ಮಾಡುವುದೇನು?

ಸಿಎನ್‌ಸಿ ಎಂದರೆ ಕಂಪ್ಯೂಟರ್ ನೀಡುವ ಅಂಕಿಗಳ ಪ್ರಕಾರ ನಡೆಯುವ ಯಂತ್ರ. 1952ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ತೂತು ಹೊಡೆದ ಕಾಗದದ ಪಟ್ಟಿಯ ಆಜ್ಞೆಯಂತೆ ಲೋಹ ಕೊರೆಯುವ ಯಂತ್ರದ ಪ್ರದರ್ಶನ ನಡೆಯಿತು. ಇಂದಿನ ಮರದ ರೂಟರ್ ಅದೇ ತತ್ವದ ಮುಂದುವರಿಕೆ. ಮೊದಲು ಕಂಪ್ಯೂಟರ್‌ನಲ್ಲಿ ಚಿತ್ರ ಸಿದ್ಧವಾಗುತ್ತದೆ. ಇನ್ನೊಂದು ತಂತ್ರಾಂಶ ಆ ಚಿತ್ರವನ್ನು ಬಿಟ್ ಸಾಗಬೇಕಾದ ದಾರಿಯನ್ನಾಗಿ, ಅಂದರೆ ‘ಜಿ-ಕೋಡ್’ ಎಂಬ ಆಜ್ಞೆಗಳನ್ನಾಗಿ ಬದಲಿಸುತ್ತದೆ. ಉದ್ದ, ಅಗಲ, ಆಳ ಎಂಬ ಮೂರು ದಿಕ್ಕುಗಳಲ್ಲಿ ಯಂತ್ರ ಚಲಿಸುತ್ತದೆ. ಮರದಲ್ಲಿ ಗಂಟು ಎಲ್ಲಿದೆ, ಎಳೆ ಯಾವ ಕಡೆಗಿದೆ ಎಂಬುದು ಅದಕ್ಕೆ ತಿಳಿಯದು. ಆ ಜ್ಞಾನ ಇಂದಿಗೂ ಬಡಿಗನದೇ.

ವೇಗದ ಗಣಿತ

ಹೊಸಬರು ಎಡವುವುದು ವೇಗದ ವಿಷಯದಲ್ಲಿ. ಬಿಟ್‌ನ ಪ್ರತಿಯೊಂದು ಅಲಗೂ ತೆಗೆಯುವ ಚೂರಿನ ದಪ್ಪಕ್ಕೆ ಒಂದು ಲೆಕ್ಕವಿದೆ. ನಿಮಿಷಕ್ಕೆ 18,000 ಸುತ್ತು ತಿರುಗುವ, 2 ಅಲಗುಗಳ ಬಿಟ್ ಪ್ರತಿ ಅಲಗಿಗೆ 0.1 ಮಿ.ಮೀ. ತೆಗೆಯಬೇಕಾದರೆ ಯಂತ್ರ ನಿಮಿಷಕ್ಕೆ 3,600 ಮಿ.ಮೀ. ಸಾಗಬೇಕು. ಭಯದಿಂದ ಅದನ್ನು 600ಕ್ಕೆ ಇಳಿಸಿದರೆ ಚೂರಿನ ದಪ್ಪ 0.02 ಮಿ.ಮೀ.ಗಿಂತಲೂ ಕಡಿಮೆಯಾಗುತ್ತದೆ. ಆಗ ಬಿಟ್ ಮರವನ್ನು ಕತ್ತರಿಸುವ ಬದಲು ಉಜ್ಜತೊಡಗುತ್ತದೆ. ಮರ ಕಪ್ಪಾಗುತ್ತದೆ, ಅಲಗು ಮೊಂಡಾಗುತ್ತದೆ. ನಿಧಾನವಾಗಿ ಸಾಗಬೇಕಿದ್ದರೆ ಸುತ್ತುಗಳನ್ನೂ ಇಳಿಸಬೇಕು: 10,000 ಸುತ್ತಿಗೆ 2,000 ಮಿ.ಮೀ. ಸರಿಹೊಂದುತ್ತದೆ.

ಆಳವೂ ಅಷ್ಟೇ ಮುಖ್ಯ. 6 ಮಿ.ಮೀ. ಬಿಟ್‌ನಿಂದ ಒಂದು ಸಲಕ್ಕೆ 3 ಮಿ.ಮೀ. ಇಳಿಯುವುದು ಆರಂಭಿಕರಿಗೆ ಕ್ಷೇಮ. 18 ಮಿ.ಮೀ. ಹಲಗೆಯನ್ನು ಹೀಗೆ ಆರು ಸುತ್ತಿನಲ್ಲಿ ಕತ್ತರಿಸಬಹುದು. ಸಾಗವಾನಿಯಲ್ಲಿ ಸಿಲಿಕಾ ಅಂಶವಿರುವುದರಿಂದ ಅಲಗು ಬೇಗ ಸವೆಯುತ್ತದೆ. ಅದಕ್ಕೆ ಕಾರ್ಬೈಡ್ ಬಿಟ್ ಬೇಕು. ಸರಿಯಾಗಿ ಒಣಗದ ಮರವಾದರೆ ಕೆತ್ತನೆ ಮುಗಿದ ಮೇಲೂ ಸೊಟ್ಟಗಾಗುತ್ತದೆ.

ಹಲಗೆಯನ್ನು ಮೇಜಿಗೆ ಭದ್ರವಾಗಿ ಬಿಗಿಯುವುದು ಮತ್ತೊಂದು ಪಾಠ. ಪೂರ್ತಿ ಕತ್ತರಿಸಿದ ತುಂಡು ಕಳಚಿ ಹಾರದಂತೆ ಅಲ್ಲಲ್ಲಿ ಚಿಕ್ಕ ಬೆಸುಗೆಗಳನ್ನು ಉಳಿಸಿ, ಕೊನೆಯಲ್ಲಿ ಉಳಿಯಿಂದ ಬಿಡಿಸಬೇಕು.

ಒಂದು ಚದರ ಅಡಿಗೆ ಒಂದು ಗಂಟೆ

ಉಬ್ಬು ಕೆತ್ತನೆಯಲ್ಲಿ ದುಂಡು ಮೊನೆಯ ಬಿಟ್ ಹೊಲದ ಸಾಲುಗಳಂತೆ ಒತ್ತೊತ್ತಾಗಿ ಸಾಗುತ್ತದೆ. ಸಾಲುಗಳ ಅಂತರ 0.5 ಮಿ.ಮೀ. ಇದ್ದರೆ ಒಂದು ಚದರ ಅಡಿಗೆ ಸುಮಾರು 610 ಸಾಲು, ಒಟ್ಟು 186 ಮೀಟರ್ ದಾರಿ. ನಿಮಿಷಕ್ಕೆ 3 ಮೀಟರ್ ಸಾಗಿದರೂ ಒಂದು ಗಂಟೆ ಬೇಕು. ಅಂತರವನ್ನು 1 ಮಿ.ಮೀ. ಮಾಡಿದರೆ ಅರ್ಧ ಗಂಟೆ ಸಾಕು, ಆದರೆ ಉಜ್ಜುಕಾಗದದ ಕೆಲಸ ಹೆಚ್ಚುತ್ತದೆ. ಈ ಲೆಕ್ಕವಿಲ್ಲದೆ ಬಾಗಿಲಿಗೆ ದರ ಹೇಳಿದವನಿಗೆ ನಷ್ಟ ಕಟ್ಟಿಟ್ಟ ಬುತ್ತಿ.

ಹಳ್ಳಿಯಲ್ಲಿ ವಿದ್ಯುತ್ತಿನ ಪ್ರಶ್ನೆಯೂ ಇದೆ. ನಡುವೆ ಕರೆಂಟ್ ಹೋದರೆ ಯಂತ್ರ ತಾನಿದ್ದ ಸ್ಥಾನವನ್ನು ಮರೆಯಬಹುದು. ಆದ್ದರಿಂದ ಕೆಲಸ ಆರಂಭಿಸಿದ ಶೂನ್ಯ ಬಿಂದುವನ್ನು ಹಲಗೆಯ ಮೂಲೆಯಲ್ಲಿ ಗುರುತಿಸಿ ಬರೆದಿಡಬೇಕು. ದೂಳನ್ನು ಹಗುರವಾಗಿ ಕಾಣುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ದೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ದೂಳು ಹೀರುವ ಸಾಧನ, ಮುಖಗವಸು, ಕನ್ನಡಕ ಕಡ್ಡಾಯ. ತಿರುಗುವ ಬಿಟ್‌ನ ಬಳಿ ಕೈಗವಸು, ಸಡಿಲ ಬಟ್ಟೆ ಕೂಡದು.

ಆರಂಭ ಎಲ್ಲಿಂದ?

ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಆಧುನಿಕ ಮರಗೆಲಸ ಯಂತ್ರಗಳ ತರಬೇತಿ ಕೇಂದ್ರವನ್ನು ಹೊಂದಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಒಂದು. ಇದರಡಿ ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಬಳಿಕ 2 ಲಕ್ಷ ರೂಪಾಯಿವರೆಗೆ ಸಾಲ ದೊರೆಯುತ್ತದೆ. 8×4 ಅಡಿಯ ಯಂತ್ರಕ್ಕೆ ಹಲವು ಲಕ್ಷ ಬೇಕಾಗುವುದರಿಂದ ಮೊದಲ ಕಂತಿನಲ್ಲಿಯೇ ಅದರ ಆಸೆ ಪಡುವಂತಿಲ್ಲ.

ಜಾಣತನದ ದಾರಿ ಬೇರೆ ಇದೆ. ಮೊದಲು ವಿನ್ಯಾಸ ತಯಾರಿಕೆಯನ್ನು ಕಲಿತು, ಕೆತ್ತನೆಯನ್ನು ಪಟ್ಟಣದ ಯಂತ್ರದಲ್ಲಿ ಬಾಡಿಗೆಗೆ ಮಾಡಿಸಿ, ಜೋಡಣೆ ಮತ್ತು ಅಂತಿಮ ಹೊಳಪನ್ನು ತಾನೇ ಮಾಡುವುದು. ತಿಂಗಳಿಗೆ ಎಷ್ಟು ಗಂಟೆಯ ಕೆಲಸ ಬರುತ್ತದೆಂಬುದು ಹೀಗೆ ತಿಳಿಯುತ್ತದೆ. ಆ ಗಂಟೆಗಳ ಬಾಡಿಗೆ ಸಾಲದ ಕಂತನ್ನು ಮೀರಿದ ದಿನ ಯಂತ್ರ ತರಲು ಅಡ್ಡಿಯಿಲ್ಲ.