ರೆಕ್ಕೆ ತಿರುಗಿಸುವ ಮುನ್ನ ಚಾಲಕನ ಮಾತು ಕೇಳಿ

ಕಾರು ಓಡಿಸುವ ಗೇಮ್‌ಗಳಿಗೆ ಬರವಿಲ್ಲ. ಆದರೆ ಬ್ರಿಟನ್ನಿನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಸಂಸ್ಥೆ 2022ರಲ್ಲಿ ಹೊರತಂದ ‘ಎಫ್1 ಮ್ಯಾನೇಜರ್’ನಲ್ಲಿ ಆಟಗಾರನ ಕೈಗೆ ಸ್ಟೀರಿಂಗ್ ಸಿಗುವುದೇ ಇಲ್ಲ. ಆತ ತಂಡದ ಮುಖ್ಯಸ್ಥ. ಕಾರನ್ನು ಆಯಾ ಟ್ರ್ಯಾಕ್‌ಗೆ ಹದಗೊಳಿಸುವುದು ಅವನ ಹೊಣೆ. ಓಡಿಸುವುದು ಚಾಲಕನ ಪಾಲು.

ಹದಗೊಳಿಸಲು ಐದು ಅಂಶಗಳಿವೆ. ಮುಂದಿನ ಮತ್ತು ಹಿಂದಿನ ರೆಕ್ಕೆಗಳ ಕೋನ, ಆಂಟಿ-ರೋಲ್ ಬಾರ್, ಕ್ಯಾಂಬರ್ ಎನ್ನುವ ಚಕ್ರದ ಓರೆ, ಟೋ ಎನ್ನುವ ಚಕ್ರದ ದಿಕ್ಕು. ಚಾಲಕ ಅಭಿಪ್ರಾಯ ಹೇಳುವುದೂ ಐದು ವಿಷಯಗಳಲ್ಲೇ: ಓವರ್‌ಸ್ಟೀರ್, ಬ್ರೇಕ್ ಹಾಕಿದಾಗಿನ ಸ್ಥಿರತೆ, ತಿರುವು, ಟ್ರ್ಯಾಕ್ಷನ್, ನೇರ ಹಾದಿಯ ವೇಗ. ಇದಕ್ಕೆ ಅದು ಎಂದು ಜೋಡಿ ಹಾಕಲು ಹೊರಟವರು ಮೋಸಹೋಗುತ್ತಾರೆ. ಒಂದು ಅಂಶವನ್ನು ಅಲುಗಿಸಿದರೆ ಹಲವು ಗುಣಗಳು ಒಟ್ಟಿಗೇ ಅಲುಗುತ್ತವೆ. ಹಿಂದಿನ ರೆಕ್ಕೆಯ ಕೋನ ಹೆಚ್ಚಿಸಿದರೆ ತಿರುವಿನಲ್ಲಿ ಹಿಡಿತ ಸಿಗುತ್ತದೆ, ನೇರ ಹಾದಿಯಲ್ಲಿ ಗಾಳಿ ಕಾರನ್ನು ಹಿಂದಕ್ಕೆಳೆಯುತ್ತದೆ. ಮೊನಾಕೊದಲ್ಲಿ ಒಪ್ಪುವ ರೆಕ್ಕೆ ಮೋನ್ಜಾದಲ್ಲಿ ಹೊರೆಯಾಗುವುದು ಇದೇ ಕಾರಣಕ್ಕೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಆತುರದಿಂದ. ಮೂರು ಸುತ್ತು ಮುಗಿಯುತ್ತಲೇ ಕಾರನ್ನು ಒಳಗೆ ಕರೆಸಿ ಐದನ್ನೂ ಬದಲಿಸುತ್ತಾರೆ. ಸುತ್ತುಗಳು ಹೆಚ್ಚಿದಷ್ಟೂ ಚಾಲಕನ ಅಭಿಪ್ರಾಯ ಸ್ಪಷ್ಟವಾಗುತ್ತದೆ. ಅದಕ್ಕೂ ಮುಂಚಿನ ಬದಲಾವಣೆ ಕತ್ತಲಲ್ಲಿ ಕಲ್ಲು ಹೊಡೆದಂತೆ. ಹಾಗೆಂದು ಒಂದೊಂದನ್ನೇ ಪ್ರತ್ಯೇಕವಾಗಿ ಪರೀಕ್ಷಿಸುತ್ತ ಕೂರಲು ಸಮಯವೂ ಇಲ್ಲ. ಅತಿ ದೊಡ್ಡ ದೂರನ್ನು ಮೊದಲು ಸರಿಪಡಿಸಿ, ಅದರಿಂದ ಕೆಟ್ಟುದನ್ನು ಬೇರೆ ಅಂಶದಿಂದ ಸರಿದೂಗಿಸುವುದೇ ಜಾಣತನ. ಅಂದಹಾಗೆ, ಒಬ್ಬ ಚಾಲಕನಿಗೆ ಒಗ್ಗಿದ ಲೆಕ್ಕವನ್ನು ಮತ್ತೊಬ್ಬನ ಕಾರಿಗೆ ನಕಲು ಮಾಡಿ ಪ್ರಯೋಜನವಿಲ್ಲ. ಅವನ ರುಚಿಯೇ ಬೇರೆ.

ಈ ಬಿಗಿ ಸಮಯ ಗೇಮ್‌ನವರ ಕಲ್ಪನೆಯಲ್ಲ. ಒಂದು ಕಾಲಕ್ಕೆ ಫೆರಾರಿ ತನ್ನದೇ ಫಿಯೊರಾನೊ ಟ್ರ್ಯಾಕ್‌ನಲ್ಲಿ ಋತುವಿನುದ್ದಕ್ಕೂ ಪರೀಕ್ಷೆ ನಡೆಸುತ್ತಿತ್ತು. 2009ರಲ್ಲಿ ಋತುವಿನ ನಡುವಿನ ಪರೀಕ್ಷೆಗೆ ಕಡಿವಾಣ ಬಿತ್ತು. 2021ರಲ್ಲಿ ಶುಕ್ರವಾರದ ಅಭ್ಯಾಸ ಅವಧಿಗಳೂ 90 ನಿಮಿಷದಿಂದ 60ಕ್ಕೆ ಇಳಿದವು.

ಅಭಿಮಾನಿಗಳು ಈ ಲೆಕ್ಕ ಬಿಡಿಸಲು ಕ್ಯಾಲ್ಕ್ಯುಲೇಟರ್‌ಗಳನ್ನೇ ರೂಪಿಸಿದ್ದಾರೆ. ಚಾಲಕನ ಅಭಿಪ್ರಾಯ ತುಂಬಿಸಿದರೆ ಉತ್ತರ ಸಿದ್ಧ. ಬಳಸುವುದು ಅವರವರ ಇಷ್ಟ. ಆದರೆ ಅರ್ಧ ಆಟವನ್ನು ಬೇರೆಯವರಿಂದ ಆಡಿಸಿದಂತೆಯೇ ಸರಿ. ಅಭ್ಯಾಸದ ಅವಧಿಯಲ್ಲಿ ಏನೇ ಮಾಡಿದರೂ ಅರ್ಹತಾ ಸುತ್ತು ಆರಂಭವಾಗುವುದರೊಳಗೆ ಮುಗಿಸಬೇಕು. ಆಮೇಲೆ ಹದ ತಪ್ಪಿದ ಕಾರಿನಲ್ಲೇ ಚಾಲಕ ರೇಸ್ ಪೂರೈಸಬೇಕಾಗುತ್ತದೆ.